ನಾಲ್ಕು ಸೇರು ಜವೆಗೋಧಿ

ಮದುವೆಗೆ ಮುಂಚೆ ನಾನು ನಮ್ಮ ಯಜಮಾನರನ್ನು ಕೇಳಿದ್ದು ಒಂದೇ ಮಾತು. ಹೆಣ್ಣು ನೋಡಲು ಬಂದ ದಿನ ಹಿರಿಯರೆಲ್ಲ ನಡುಮನೆಯಲ್ಲಿ ಕೂತು ಮಾತಾಡುತ್ತಿದ್ದರು. ಇವರೊಬ್ಬರೇ ಕೈ ತೊಳೆಯಲು ಹಿತ್ತಲಿಗೆ ಬಂದರು. ನಾನು ಚೊಂಬಿನಿಂದ ನೀರು ಹಾಕುತ್ತ, ತಲೆ ಎತ್ತದೆ, "ನೀವು ಕುಡೀತೀರಾ?" ಎಂದೆ.

"ಕಾಫಿನಾ?" ಎಂದರು.

ನಾನು ನಗಲಿಲ್ಲ. ಅವರಿಗೆ ಅರ್ಥವಾಯಿತು.

"ಇಲ್ಲ. ಮುಟ್ಟಲ್ಲ."

"ಮುಂದೇನೂ?"

"ಮುಂದೇನೂ."

ನಮ್ಮಪ್ಪ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ ಮಾಡುತ್ತಿದ್ದ. ಸೊಪ್ಪಿನ ಕಟ್ಟುಗಳ ನಡುವೆ ಬೆಳಗಿನ ಜಾವದಿಂದ ದುಡಿದು, ಮಧ್ಯಾಹ್ನದ ಮೇಲೆ ಸಾರಾಯಿ ಅಂಗಡಿಗೆ ಹೋಗುತ್ತಿದ್ದ. ಹೊಡೆಯುವವನಲ್ಲ, ಬಯ್ಯುವವನೂ ಅಲ್ಲ. ಆದರೆ ಅವನು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲಿ ನಿಂತು ಮೊದಲು ಅವನ ಉಸಿರನ್ನು ಮೂಸುತ್ತಿದ್ದಳು, ಆಮೇಲೆ ಮುಖ ನೋಡುತ್ತಿದ್ದಳು. ಗಂಡನನ್ನು ಹಾಗೆ ಮೂಸಿ ನೋಡುವ ಹೆಂಗಸು ನಾನಾಗಬಾರದು ಎಂದಷ್ಟೇ ನನಗೆ ಇದ್ದದ್ದು. ಆ ದಿನ ಹಿತ್ತಲಲ್ಲಿ ಅವರು ಕೊಟ್ಟ ಮಾತಿನ ಮೇಲೆ ನಾನು ಒಪ್ಪಿದೆ. ಆಮೇಲೆ ಇಪ್ಪತ್ತೈದು ವರ್ಷ ಅವರು ಹೊರಗಿನಿಂದ ಬಂದಾಗ ಒಂದು ದಿನವೂ ನಾನು ಮೂಸಲಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮದು ಮಹಡಿ ಮನೆ. ಎರಡು ರೂಮು, ಒಂದು ಅಡುಗೆಮನೆ, ಮೇಲೆ ತಾರಸಿ. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದವಳು, ಹೊರಗೆ ದುಡಿಯಲಿಲ್ಲ. ಒಬ್ಬಳು ಮಗಳು. ನನ್ನ ಕೈಗೆ ಬರುತ್ತಿದ್ದ ಒಂದು ವಿದ್ಯೆ ಎಂದರೆ ರಾಗಿ ಹುರಿಹಿಟ್ಟು. ರಾಗಿಯನ್ನು ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡುವುದು. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಮಗುವಿಗೆ ಆರು ತಿಂಗಳಾದಾಗ ನನ್ನ ಹತ್ತಿರ ಬರುತ್ತಿದ್ದರು.

ತೊಂಬತ್ತರ ದಶಕದ ನಡುವೆ, ಮಗಳು ಹೈಸ್ಕೂಲಿನಲ್ಲಿದ್ದಾಗ, ಒಂದು ಭಾನುವಾರ ನಾನು ತಾರಸಿಯ ಮೇಲೆ ಮೊಳಕೆ ರಾಗಿ ಕೇರುತ್ತಿದ್ದೆ. ಅವರು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಹಾಗೆ ಕೂರುವವರಲ್ಲ.

"ಇದೇ ಥರ ಜವೆಗೋಧಿ ಮೊಳಕೆ ಬರ್ಸೋಕೆ ಆಗುತ್ತೇನೇ?"

"ಬಾರ್ಲಿನಾ? ಅಂಗಡೀಲಿ ಸಿಗೋದು ಮೊಳೆಯಲ್ಲ. ಸಿಪ್ಪೆ ತೆಗೆದಿರ್ತಾರೆ."

"ಸಿಪ್ಪೆ ಇರೋದು ಅವೆನ್ಯೂ ರೋಡ್ ಹತ್ರ ಗ್ರಂದಿಗೆ ಅಂಗಡೀಲಿ ಇದೆ. ಹೋಮಕ್ಕೆ ಅಂತ ಇಟ್ಟಿರ್ತಾನೆ. ನಾನು ತಂದ್ಕೊಡ್ತೀನಿ."

"ಯಾರಿಗೆ?"

ಆಗ ಹೇಳಿದರು. ಗವಿಪುರದಲ್ಲಿ ಅವರ ಜೊತೆ ಓದಿದ ಸ್ನೇಹಿತರೊಬ್ಬರಿದ್ದಾರೆ. ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ. ಮದುವೆ ಆಗಿಲ್ಲ, ಒಂಟಿ. ಹೊಟ್ಟೆಯಲ್ಲಿ ಹುಣ್ಣು. ಅನ್ನ ತಿಂದರೆ ಉರಿ, ಮುದ್ದೆ ತಿಂದರೆ ನೋವು. ಮೊಳಕೆ ಬರಿಸಿದ ಜವೆಗೋಧಿ ಗಂಜಿ ಒಂದೇ ಒಗ್ಗುತ್ತದೆ ಎಂದು ಯಾರೋ ಪಂಡಿತರು ಹೇಳಿದ್ದಾರೆ.

"ಪಾಪ, ಮಾಡೋರು ಯಾರಿದಾರೆ ಅವನಿಗೆ" ಎಂದರು.

ಆ ಪಾಪ ಎಂಬ ಮಾತು ನನಗೆ ತಟ್ಟಿತು. ಅಡುಗೆಯವರಿಲ್ಲದ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತ ಒಬ್ಬ ಗಂಡಸು ನನ್ನ ಕಣ್ಣಿಗೆ ಕಟ್ಟಿದ.

ಹೀಗೆ ತಿಂಗಳಿಗೆ ನಾಲ್ಕು ಸೇರು ಶುರುವಾಯಿತು. ಜವೆಗೋಧಿ ರಾಗಿಯ ಹಾಗಲ್ಲ, ಮೊದಮೊದಲು ಸತಾಯಿಸಿತು. ಒಂದೇ ಸಮ ನೀರಲ್ಲಿ ಬಿಟ್ಟರೆ ಹುಳಿ ವಾಸನೆ ಬರುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಗಾಳಿಯಾಡಲು ಬಿಟ್ಟು, ಮತ್ತೆ ನೆನೆಹಾಕಬೇಕು. ಆಮೇಲೆ ಅವರ ಹಳೆಯ ಪಂಚೆಯಲ್ಲಿ ಕಟ್ಟಿ ಬಿದಿರು ಬುಟ್ಟಿಯಲ್ಲಿಡಬೇಕು. ಮೂರನೇ ದಿನ ತುದಿಯಲ್ಲಿ ಬಿಳಿ ಬೇರು ಕಾಣುತ್ತದೆ. ಆಗ ಗಂಟಿನೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ, ಜ್ವರ ಬಂದ ಮಗುವಿನ ಕಂಕುಳಿನ ಹಾಗೆ. ಹೊತ್ತು ಹೊತ್ತಿಗೆ ಬಿಚ್ಚಿ ಕೈಯಾಡಿಸದಿದ್ದರೆ ಬೂಷ್ಟು ಬರುತ್ತದೆ. ಐದನೇ ದಿನ ತಾರಸಿಗೆ. ಎರಡು ಬಿಸಿಲು ಕಂಡ ಮೇಲೆ ಅಂಗೈಯಲ್ಲಿ ಉಜ್ಜಿದರೆ ಬೇರೆಲ್ಲ ಉದುರುತ್ತದೆ. ಮೊರದಲ್ಲಿ ಕೇರಿದರೆ ಆಯಿತು. ಕಾಳೊಂದನ್ನು ಬಾಯಿಗೆ ಹಾಕಿಕೊಂಡರೆ ಮೊದಲು ಕುರುಕುರು, ಆಮೇಲೆ ಸಿಹಿ.

"ಹಿಟ್ಟು ಮಾಡ್ಬೇಡ" ಎನ್ನುತ್ತಿದ್ದರು. "ಅವನೇ ತರಿತರಿಯಾಗಿ ಒಡ್ಕೋತಾನೆ."

ಹುರಿಯುವುದಕ್ಕೂ ಅವರದೊಂದು ಲೆಕ್ಕವಿತ್ತು. ಮೂರು ಸೇರನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸಾಕು, ಒಂದು ಸೇರನ್ನು ಕೆಂಪಗೆ ಹುರಿಯಬೇಕು. ಒಮ್ಮೆ ಕೆಳಗಿನ ಮನೆಯಾಕೆ ಬಂದು ಮಾತಿಗೆ ನಿಂತು, ಆ ಒಂದು ಸೇರು ಕಾಫಿ ಬೀಜದ ಹಾಗೆ ಕಪ್ಪಾಯಿತು. ರೋಗಿಗೆ ಸೀದದ್ದನ್ನು ಹೇಗೆ ಕಳಿಸಲಿ ಎಂದು ನಾನು ಒದ್ದಾಡಿದೆ. ಅವರು ಮೂಸಿ ನೋಡಿ ಚೀಲಕ್ಕೆ ಸುರಿದುಕೊಂಡು ಹೋದರು. ಎರಡು ತಿಂಗಳಾದ ಮೇಲೆ, "ಅವತ್ತು ಕಪ್ಪಾಗಿತ್ತಲ್ಲ, ಅದು ಬಹಳ ಚೆನ್ನಾಗಿತ್ತಂತೆ ಕಣೇ. ಇನ್ಮೇಲೆ ಹಂಗೇ ಮಾಡು" ಎಂದರು.

"ಹುಣ್ಣಿಗೆ ಸೀದದ್ದು ಒಳ್ಳೇದಾ?" ಎಂದು ಕೇಳಿದೆ.

"ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ" ಎಂದು ಪೇಪರ್ ಬಿಡಿಸಿದರು.

ಅವರು ಶನಿವಾರ ಮಧ್ಯಾಹ್ನ ಹೋಗುತ್ತಿದ್ದರು, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಎಲೆ ಅಡಿಕೆ ಹಾಕಿಕೊಂಡಿರುತ್ತಿದ್ದರು. ಒಂಟಿ ಗಂಡಸು ಇನ್ನೇನು ಉಪಚಾರ ಮಾಡಿಯಾರು, ತಾಂಬೂಲ ಕೊಡುತ್ತಾರೆ ಎಂದುಕೊಳ್ಳುತ್ತಿದ್ದೆ. ಅವರ ಅಂಗಿಯಲ್ಲಿ ನನ್ನ ಹುರಿದ ಜವೆಗೋಧಿಯದೇ ವಾಸನೆ. ಚೀಲ ಹೆಗಲಿಗೆ ಹಾಕಿಕೊಂಡು ಹೋಗಿದ್ದಾರಲ್ಲ, ಇನ್ನೇನು ವಾಸನೆ ಬರಬೇಕು? ಸಾರಾಯಿ ವಾಸನೆ ನನಗೆ ಗೊತ್ತಿತ್ತು. ಇದು ನನ್ನ ಬಾಣಲೆಯ ವಾಸನೆ.

ಎರಡನೇ ವರ್ಷ ನಾನು ಗವಿ ಗಂಗಾಧರೇಶ್ವರನಿಗೆ ಹರಕೆ ಹೊತ್ತೆ. ಆ ಮನುಷ್ಯನ ಹೊಟ್ಟೆನೋವು ವಾಸಿಯಾಗುವವರೆಗೆ ಸೋಮವಾರ ಒಪ್ಪತ್ತು ಇರುತ್ತೇನೆ ಎಂದು. ನಾನು ಮುಖ ನೋಡದ ಮನುಷ್ಯ. ಆದರೆ ತಿಂಗಳು ತಿಂಗಳು ಒಬ್ಬರಿಗಾಗಿ ಕಾಳು ಮೊಳಕೆ ಕಟ್ಟುತ್ತಿದ್ದರೆ ಅವರು ನಮ್ಮವರೇ ಆಗಿಬಿಡುತ್ತಾರೆ. ಸೋಮವಾರ ಮಧ್ಯಾಹ್ನ ಒಂದು ಊಟ, ಸಂಜೆ ಬರೀ ಹಾಲು. ಯಜಮಾನರಿಗೂ ಮಗಳಿಗೂ ನಾನೇ ಬಡಿಸಿ ಎದುರಿಗೆ ಕೂರುತ್ತಿದ್ದೆ.

ಒಂದು ಸಲ ಅವರು ತಟ್ಟೆಯಲ್ಲಿ ಕೈಯಿಟ್ಟುಕೊಂಡು, "ಅವನಿಗೀಗ ಪರವಾಗಿಲ್ಲ ಕಣೇ. ಈ ಒಪ್ಪತ್ತು ಬಿಟ್ಬಿಡು" ಎಂದರು.

"ಪೂರ್ತಿ ವಾಸಿ ಆಗಿದ್ಯಾ?"

"ಪೂರ್ತಿ ಅಂದ್ರೆ..."

"ಹಂಗಾದ್ರೆ ಜವೆಗೋಧಿ ಬೇಡ್ವಾ ಇನ್ಮೇಲೆ?"

ಅವರು ತಟ್ಟೆ ನೋಡಿದರು. "ಅದು ಇರ್ಲಿ" ಎಂದರು.

"ಅದು ಬೇಕು ಅಂದ್ರೆ ಇದೂ ಇರ್ಲಿ ಬಿಡಿ" ಎಂದೆ.

ಮಗಳ ಮದುವೆಯಲ್ಲಿ ನಾನು ಆ ಸ್ನೇಹಿತರನ್ನು ಮೊದಲ ಸಲ ನೋಡಿದೆ. ಎತ್ತರದ ಆಳು, ತುಂಬಿದ ಮೈ, ಕೆಂಪಗಿನ ಮುಖ. ಮಾರನೇ ದಿನದ ಬೀಗರೂಟದಲ್ಲಿ ಬಿರಿಯಾನಿಯನ್ನು ಎರಡನೇ ಸಲ ಹಾಕಿಸಿಕೊಂಡು, ಮೇಲೆ ಮೂಳೆ ಚೀಪುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಯಜಮಾನರ ತೋಳು ಹಿಡಿದು, "ರೀ, ನೋಡ್ರೀ, ಹೆಂಗೆ ತಿಂತಿದಾರೆ!" ಎಂದೆ. ಅವರು, "ಹೂಂ, ಒಂದಿನ ತಿಂದ್ರೆ ಏನಾಗಲ್ಲ" ಎಂದು ಬೇರೆ ಕಡೆ ಹೋದರು. ಅವಸರದಲ್ಲಿದ್ದಾರೆ ಎಂದುಕೊಂಡೆ.

ನಾಲ್ಕು ವರ್ಷಗಳ ನಂತರ, ಒಂದು ಆಷಾಢದ ಬೆಳಿಗ್ಗೆ, ಕಚೇರಿಗೆ ಹೊರಟವರು ಚಪ್ಪಲಿ ಮೆಟ್ಟಲು ಬಗ್ಗಿ ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಐವತ್ತಾರು ವರ್ಷ. ಸ್ನೇಹಿತರು ಬಂದು ಬಾಗಿಲ ಬಳಿ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಹನ್ನೊಂದನೇ ದಿನವೂ ಬಂದರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಮೇಲೆ ಕಾಣಲಿಲ್ಲ.

ನಾನು ಆ ವರ್ಷ ಏನೂ ಮಾಡಲಿಲ್ಲ. ರಾಗಿಯನ್ನೂ ನೆನೆಹಾಕಲಿಲ್ಲ. ಬಾಣಂತಿಯರ ಮನೆಯವರು ಬಂದು ಬಂದು ಸುಮ್ಮನಾದರು. ಬುಟ್ಟಿ, ಪಂಚೆ, ಮೊರ ಎಲ್ಲ ಅಟ್ಟದ ಮೇಲೆ ಹೋದವು. ಬೆಳಿಗ್ಗೆ ಎದ್ದು ಎರಡು ಲೋಟಕ್ಕೆ ಡಿಕಾಕ್ಷನ್ ಹಾಕಿ, ಒಂದನ್ನು ಮೋರಿಗೆ ಚೆಲ್ಲುವುದು ಎಷ್ಟೋ ದಿನ ನಡೆಯಿತು.

ವರ್ಷ ತುಂಬಿ, ಮೊದಲ ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಬಾಳೆಲೆಯ ಮೇಲೆ ಅವರಿಗೆ ಇಷ್ಟವಾದದ್ದೆಲ್ಲ ಇರಬೇಕು. ಮಟನ್ ಸಾರು, ಮುದ್ದೆ, ಕಜ್ಜಾಯ, ವಡೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬಾಟಲಿ. ಇಷ್ಟದ್ದು ಇಡದಿದ್ದರೆ ಹೋದವರು ಹಸಿದು ಹಿಂದಿರುಗುತ್ತಾರೆ ಎನ್ನುತ್ತಾರೆ. ಅಪ್ಪನ ಎಡೆಗೆ ಅಣ್ಣಂದಿರು ಪ್ರತಿ ವರ್ಷ ಕ್ವಾರ್ಟರ್ ಇಡುತ್ತಿದ್ದರು, ನಾನು ಆ ಹೊತ್ತಿಗೆ ಒಳಗೆ ಹೋಗುತ್ತಿದ್ದೆ. ನಮ್ಮ ಯಜಮಾನರ ಎಡೆಗೆ ಅಂಥದ್ದೇನೂ ಬೇಕಿರಲಿಲ್ಲ. ಅದು ನನಗೊಂದು ಹೆಮ್ಮೆ.

ಎಡೆಗೆ ಯಾರು ಯಾರನ್ನು ಕರೆಯಬೇಕು ಎಂದು ಎಣಿಸುತ್ತಿದ್ದಾಗ ಸ್ನೇಹಿತರ ನೆನಪಾಯಿತು. ಒಂದು ವರ್ಷದ ಮೇಲಾಯಿತು, ಆ ಮನುಷ್ಯ ಗಂಜಿಗೆ ಏನು ಮಾಡಿಕೊಂಡಿರಬಹುದು? ಸೋಮವಾರ ಮಾತ್ರ ನಾನು ಬಿಟ್ಟಿರಲಿಲ್ಲ, ಆದರೆ ಕಾಳು ಕಳಿಸುವುದನ್ನು ಮರೆತೇಬಿಟ್ಟಿದ್ದೆ. ನನ್ನ ದುಃಖದಲ್ಲಿ ಒಬ್ಬ ರೋಗಿಯನ್ನು ಉಪವಾಸ ಕೆಡವಿದೆನಲ್ಲ ಎಂದು ನಾಚಿಕೆಯಾಯಿತು. ಅಟ್ಟದಿಂದ ಬುಟ್ಟಿ ಇಳಿಸಿ, ಅವೆನ್ಯೂ ರಸ್ತೆಗೆ ನಾನೇ ಹೋಗಿ, ನಾಲ್ಕು ಸೇರು ತಂದೆ. ಮೂರು ಸೇರು ಬೆಚ್ಚಗೆ, ಒಂದು ಸೇರು ಕಪ್ಪಗೆ. ಎಲ್ಲ ಅವರು ಹೇಳಿದ ಹಾಗೇ. ಚೀಲ ಹಿಡಿದು ಗವಿಪುರಕ್ಕೆ ನಡೆದು, ಮನೆ ಕೇಳಿಕೊಂಡು ಹೋದೆ.

ಹಳೆಯ ಕಲ್ಲಿನ ಮನೆ. ಬಾಗಿಲು ತೆಗೆದ ಸ್ನೇಹಿತರು ನನ್ನನ್ನು ನೋಡಿ ಗಾಬರಿಯಾದರು.

"ತಂಗಿ, ಬಾರಮ್ಮ, ಬಾ. ಏನು ಇಷ್ಟು ದೂರ..."

ನಾನು ಚೀಲವನ್ನು ಮುಂದಿಟ್ಟೆ. "ಕ್ಷಮಿಸ್ಬೇಕು ಅಣ್ಣ. ಒಂದು ವರ್ಷ ನಿಮ್ಮನ್ನ ಮರೆತ್ಬಿಟ್ಟೆ. ಹೊಟ್ಟೆ ಹೇಗಿದೆ?"

ಅವರು ಚೀಲದ ಬಾಯಿ ಬಿಚ್ಚಿ ನೋಡಿದರು. ಒಂದು ಹಿಡಿ ಕಾಳು ತೆಗೆದು ಮೂಸಿದರು. ಹಾಗೇ ಕುರ್ಚಿಯ ಮೇಲೆ ಕೂತುಬಿಟ್ಟರು.

"ನಂಗೆ ಹೊಟ್ಟೆ ನೋವೇ ಇಲ್ಲಮ್ಮ" ಎಂದರು.

"ವಾಸಿ ಆಯ್ತಾ?" ಎಂದೆ. ಸಂತೋಷದಿಂದಲೇ ಕೇಳಿದೆ.

"ಇರಲೇ ಇಲ್ಲ. ಯಾವತ್ತೂ."

ನಿಧಾನವಾಗಿ ಹೇಳಿದರು. ಅವರ ಅಕ್ಕ ಭಾವ ಇಂಗ್ಲೆಂಡಿನಲ್ಲಿದ್ದರು. ಭಾವ ಮನೆಯಲ್ಲೇ ಬಿಯರು ಮಾಡುವುದನ್ನು ಇವರು ಒಮ್ಮೆ ಅಲ್ಲಿಗೆ ಹೋದಾಗ ನೋಡಿಕೊಂಡು ಬಂದಿದ್ದರು. ಅದಕ್ಕೆ ಹಾಕುವ ಕಹಿ ಹೂವನ್ನೂ ಹುದುಗು ಬರಿಸುವ ಪುಡಿಯನ್ನೂ ಅಕ್ಕ ತಂದುಕೊಡುತ್ತಿದ್ದರು. ಮೊಳಕೆ ಕಟ್ಟಿದ ಜವೆಗೋಧಿ ಮಾತ್ರ ಇಲ್ಲಿ ಎಲ್ಲೂ ಸಿಗಲಿಲ್ಲ. ತಾವೇ ಮಾಡಲು ಹೋದರೆ ಎರಡು ಸಲವೂ ಬೂಷ್ಟು ಬಂತು.

"ಆಗ ನಿಮ್ಮ ಯಜಮಾನ, ನಮ್ಮನೇಲಿ ಒಂದು ಕೈ ಇದೆ ಕಣೋ ಅಂದ."

"ಹುಣ್ಣು ಅಂತ ಹೇಳಿದ್ದು?"

"ಅದು ನಾನೇ ಹೇಳ್ಕೊಟ್ಟಿದ್ದು ತಾಯಿ. ಒಂದು ಸಲಕ್ಕೆ ಅಂತ. ನೀವು ಸೋಮವಾರ ಹಿಡಿದ್ಬಿಟ್ರಿ. ಆಮೇಲೆ ಹೇಳೋಕೆ ಅವನಿಗೆ ಬಾಯೇ ಬರಲಿಲ್ಲ. ಎಷ್ಟು ಸಲ ಬೈದಿದೀನಿ, ಹೋಗಿ ಹೇಳೋ ಅಂತ. ನಾಳೆ ಅಂತಿದ್ದ."

"ಅವರೂ ಕುಡೀತಿದ್ರಾ?"

"ಶನಿವಾರ ಎರಡು ಲೋಟ. ಮೂರನೇದು ಮುಟ್ಟಿದೋನಲ್ಲ. ದೇವರಾಣೆ."

"ನಂಗೆ ಮುಟ್ಟಲ್ಲ ಅಂದಿದ್ರು" ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನುವ ಹಾಗೆ ಕೇಳಿಸಿತು.

ಅವರು ನನ್ನನ್ನು ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋದರು. ನಾಲ್ಕು ಮೆಟ್ಟಿಲು ಕೆಳಗೆ, ಬೇಸಿಗೆಯಲ್ಲೂ ತಣ್ಣಗಿರುವ ಕಲ್ಲಿನ ಕೋಣೆ. ದೊಡ್ಡ ಗಾಜಿನ ಬುಡ್ಡಿಗಳು, ಸಾಲು ಖಾಲಿ ಬಾಟಲಿಗಳು. ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿತ್ತು. ತೆರೆದೆ. ನಮ್ಮ ಯಜಮಾನರ ಮುತ್ತಿನಂಥ ಅಕ್ಷರ. ಯಾವ ತಿಂಗಳು ಕುದಿಸಿದ್ದು, ಎಷ್ಟು ದಿನ ನೊರೆ ಬಂದದ್ದು, ರುಚಿ ಹೇಗಾಯಿತು. ಒಂದು ಪುಟದಲ್ಲಿ, 'ಈ ಸಲ ಕಪ್ಪು ಜವೆ. ಅವಳ ಕೈತಪ್ಪು. ಇದುವರೆಗಿನದರಲ್ಲಿ ಇದೇ ಮೇಲು' ಎಂದಿತ್ತು. ನಾನು ಆ ಪುಟವನ್ನು ಎರಡು ಸಲ ಓದಿದೆ.

"ಶನಿವಾರ ನಾಲ್ಕೈದು ಜನ ಸೇರ್ತಿದ್ವಿ" ಎಂದರು ಸ್ನೇಹಿತರು. "ಮೊದಲನೇ ಲೋಟ ಎತ್ತುವಾಗ ನಿಮ್ಮ ಕೈಗೆ ಅಂತಲೇ ಎತ್ತುತಿದ್ವಿ. ಅವನೇ ಶುರು ಮಾಡಿದ್ದು."

ಅವರು ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದೇ. ನನಗೆ ಹೆಸರೂ ಗೊತ್ತಿಲ್ಲದ ನಾಲ್ಕೈದು ಗಂಡಸರು ಈ ನೆಲಮಾಳಿಗೆಯಲ್ಲಿ ಕೂತು ನನ್ನ ಕೈಯನ್ನು ಹೊಗಳುತ್ತಿದ್ದರು. ನಾನು ಸೋಮವಾರ ಮನೆಯಲ್ಲಿ ಬರೀ ಹಾಲು ಕುಡಿದು ಮಲಗುತ್ತಿದ್ದೆ. ನಮ್ಮ ಯಜಮಾನರು ಅದನ್ನು ನೋಡಿಕೊಂಡೇ ಉಣ್ಣುತ್ತಿದ್ದರು. ಹತ್ತು ವರ್ಷ. ವರ್ಷಕ್ಕೆ ಐವತ್ತೆರಡು ಸೋಮವಾರ.

ಹೊರಡುವಾಗ ಸ್ನೇಹಿತರು ಮೂಲೆಯಿಂದ ಒಂದು ಬಾಟಲಿ ತೆಗೆದು ಒರೆಸಿದರು.

"ಅವನು ಮಾಡಿದ್ದರಲ್ಲಿ ಇದೊಂದೇ ಉಳಿದಿರೋದು. ಮಾಮೂಲಿ ಬಿಯರಲ್ಲಮ್ಮ, ಏಲ್ ಅಂತಾರೆ. ಗಟ್ಟಿ ಮಾಲು, ವರ್ಷ ಇಟ್ಟಷ್ಟೂ ರುಚಿ. ಅಮಾಸೆ ಎಡೆಗೆ ಇಡಿ. ಅವನಿಗೆ ಇದಕ್ಕಿಂತ ಇಷ್ಟದ್ದು ಯಾವ್ದೂ ಇರಲಿಲ್ಲ."

ಯಾಕೆ ತೆಗೆದುಕೊಂಡೆನೋ ಗೊತ್ತಿಲ್ಲ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಅವರ ಅಕ್ಷರವಿತ್ತು. ಅದನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಬರಲು ಆಗಲಿಲ್ಲ. ಚೀಲದಿಂದ ಕಾಳು ಸುರಿದು, ಅದೇ ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಬಂದೆ.

ಅಮಾವಾಸ್ಯೆಯ ಹಿಂದಿನ ದಿನ ಮಲ್ಲೇಶ್ವರದಿಂದ ಮಗಳು ಬಂದಳು. ಕಜ್ಜಾಯಕ್ಕೆ ಪಾಕ ಇಟ್ಟಿದ್ದೆ. ಅವಳು ಪಾತ್ರೆ ತೆಗೆಯಲು ಕೆಳಗಿನ ಕಪಾಟು ತೆರೆದು, ಬಾಟಲಿ ನೋಡಿ, ಹಾಗೇ ಬಗ್ಗಿಕೊಂಡೇ ನಿಂತಳು. ಇದೇನು ಎಂದು ಕೇಳಲಿಲ್ಲ. ಕೇಳದಿದ್ದದ್ದೇ ನನಗೆ ಸಾಕಾಯಿತು.

"ನಿಂಗೂ ಗೊತ್ತಿತ್ತಾ?"

"ಅಮ್ಮ..."

"ಯಾವಾಗಿಂದ?"

"ಕಾಲೇಜಲ್ಲಿದ್ದಾಗ. ಒಂದಿನ ಅಪ್ಪನ್ನ ಕರ್ಕೊಂಡ್ಬರೋಕೆ ಗವಿಪುರಕ್ಕೆ ಹೋಗಿದ್ದೆ. ಅಪ್ಪ ಆಣೆ ಹಾಕ್ಸ್ಕೊಂಡ್ರು. ನಾನೇ ಹೇಳ್ತೀನಿ, ನೀನು ಹೇಳ್ಬೇಡ ಅಂದ್ರು."

"ನಾನು ಒಪ್ಪತ್ತು ಇರೋದು ನೋಡ್ತಾ ಇದ್ಯಲ್ಲೇ."

"ಎಷ್ಟು ಸಲ ಬಿಟ್ಬಿಡು ಅಂದೆ? ನೀನು ಕೇಳ್ದ್ಯಾ? ದೇವರ ವಿಷಯಕ್ಕೆ ಬರ್ಬೇಡ ಅಂತ ನನ್ನೇ ಬೈದೆ."

ಅದು ನಿಜ. ಬೈದಿದ್ದೆ. ನಾನು ಪಾಕಕ್ಕೆ ತಿರುಗಿದೆ. ಅದು ಏರಿಹೋಗಿತ್ತು, ಕಜ್ಜಾಯ ಗಟ್ಟಿಯಾದವು.

"ಇಡ್ತೀಯಾ ಇದನ್ನ?" ಎಂದು ಸಂಜೆ ಕೇಳಿದಳು. "ಇಡು ಅಮ್ಮ. ಅಪ್ಪಂಗೆ ಇಷ್ಟ."

ಇಟ್ಟರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅಣ್ಣಂದಿರು ಬರುತ್ತಾರೆ, ಬೀದಿಯ ನಾಲ್ಕು ಜನ ಬರುತ್ತಾರೆ. ಇವಳ ಗಂಡನೂ ಕುಡಿಯುತ್ತಿದ್ದನಂತೆ ಎನ್ನುತ್ತಾರೆ. ಅದು ಹೋಗಲಿ. ಇಟ್ಟರೆ ನಾನು ಅವರಿಗೆ ಒಪ್ಪಿದ ಹಾಗೆ. ಮಾತು ಮುರಿದದ್ದು, ಹಸಿದವಳ ಎದುರು ಉಂಡದ್ದು, ಎಲ್ಲಕ್ಕೂ ಆಗಲಿ ಬಿಡಿ ಎಂದು ಕೈಯಾರೆ ಬಡಿಸಿದ ಹಾಗೆ. ಇಡದಿದ್ದರೆ ಮೊದಲ ಎಡೆಯಲ್ಲೇ ಅವರನ್ನು ಹಸಿದು ಕಳಿಸಿದ ಹಾಗೆ. ಕೇಳಿಬಿಡೋಣವೆಂದರೆ ಬದುಕಿರುವ ಮನುಷ್ಯನಲ್ಲ. ಇಪ್ಪತ್ತೈದು ವರ್ಷ ಅವರ ಪಕ್ಕದಲ್ಲಿ ಮಲಗಿದವಳಿಗೆ ಒಂದು ಜಗಳವೂ ಉಳಿಸದೆ ಹೋಗಿದ್ದರು.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ಅಡುಗೆ. ಮಧ್ಯಾಹ್ನದ ಹೊತ್ತಿಗೆ ನಡುಮನೆಯಲ್ಲಿ ಅವರ ಫೋಟೊ ಇಟ್ಟು, ಹೂ ಹಾಕಿ, ಮುಂದೆ ಬಾಳೆಲೆ ಹಾಸಿದೆವು. ಮಗಳು ಒಂದೊಂದೇ ತಂದಿಡುತ್ತಿದ್ದಳು. ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲಿತ್ತು, ಪಕ್ಕದಲ್ಲಿ ಸೋಡಾ ಮುಚ್ಚಳ ತೆಗೆಯುವ ಕೊಂಡಿ. ಎರಡನ್ನೂ ಅವಳೇ ಇಟ್ಟಿದ್ದಳು.

ಎಡೆಗೆ ಇಡುವುದನ್ನು ಮೊದಲು ಯಾರೂ ರುಚಿ ನೋಡಬಾರದು. ಉಪ್ಪು ಹಿಡಿದಿದೆಯೇ ಎಂದು ಸಾರಿನ ಒಂದು ಹನಿ ನಾಲಿಗೆಗೆ ಸೋಕಿಸಿದರೂ ಅದು ಎಂಜಲು. ಅದು ನಾಲ್ಕು ವರ್ಷದ ಮಗುವಿಗೂ ಗೊತ್ತಿರುವ ಮಾತು.

ನಾನು ಮುಚ್ಚಳ ತೆಗೆದೆ. ಸಣ್ಣಗೆ ಬುಸ್ ಎಂದಿತು. ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಪಾಕ ಇನ್ನೇನು ಸೀಯಬೇಕು ಎನ್ನುವಾಗಿನ ಬಣ್ಣ, ಮೇಲೆ ಕಂದು ನೊರೆ. ಮೂಗಿನ ಹತ್ತಿರ ತಂದಾಗ ಅಪ್ಪನ ಉಸಿರಿನ ವಾಸನೆ ಬರುತ್ತದೆ ಎಂದು ಮೈ ಬಿಗಿಹಿಡಿದಿದ್ದೆ. ಬರಲಿಲ್ಲ. ಬಂದದ್ದು ನನ್ನ ಬಾಣಲೆ. ಆ ಶನಿವಾರಗಳ ಅಂಗಿ.

ಕುಡಿದೆ.

ಮೊದಲು ಸಿಹಿ. ಒಣಗಿದ ಮೊಳಕೆ ಕಾಳನ್ನು ಅಗಿದಾಗ ಕೊನೆಗೆ ಬರುವ ಸಿಹಿ, ಆದರೆ ಅದರ ಹತ್ತು ಪಾಲು. ಆಮೇಲೆ ಉತ್ತತ್ತಿ, ಕರಿಬೆಲ್ಲ, ರೊಟ್ಟಿಯ ಸುಟ್ಟ ಅಂಚು. ನಾಲಿಗೆಯ ಮೇಲೆ ದಪ್ಪಗೆ ಕೂತು, ನುಂಗಿದ ಮೇಲೆ ಹುರಿದ ಹಾಗಲಕಾಯಿಯ ಹಾಗೆ ಒಂದು ಕಹಿ ಬಿಟ್ಟುಹೋಯಿತು. ಒಣಶುಂಠಿ ಕಷಾಯದ ಹಾಗೆ ಗಂಟಲಿನಿಂದ ಎದೆಗೆ ಬಿಸಿ ಇಳಿಯಿತು. ಕೆಟ್ಟದ್ದಾಗಿರಬೇಕಿತ್ತು. ಉಗಿಯುವ ಹಾಗಿರಬೇಕಿತ್ತು. ಮತ್ತೊಂದು ಗುಟುಕು ಕುಡಿದೆ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಆ ಕಪ್ಪು ಸೇರು ಇದರಲ್ಲಿ ಎಲ್ಲಿದೆ, ಬೆಚ್ಚಗೆ ಮಾಡಿದ ಮೂರು ಸೇರು ಎಲ್ಲಿದೆ ಎಂದು ನನಗೆ ತಿಳಿಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ಅವರು ಬರೆದದ್ದು ಸರಿಯಾಗಿಯೇ ಇತ್ತು. ಇದನ್ನು ಅವರು ಒಂದು ದಿನ ಒಂದು ಲೋಟದಲ್ಲಿ ತಂದು, ತಾರಸಿಯ ಮೇಲೆ ನನ್ನ ಮುಂದಿಟ್ಟು, 'ನೋಡೇ, ನಿನ್ನ ಜವೆಗೋಧಿ ಏನಾಗಿದೆ' ಎಂದಿದ್ದರೆ ನಾನು ಕೂಗಾಡುತ್ತಿದ್ದೆ. ಒಂದು ವಾರ ಮಾತು ಬಿಡುತ್ತಿದ್ದೆ, ತಿಂಗಳೇ ಬಿಡುತ್ತಿದ್ದೆ. ಆಮೇಲೆ? ಗೊತ್ತಿಲ್ಲ. ಆಮೇಲೆ ಏನಾಗುತ್ತಿತ್ತು ಎಂದು ನೋಡಲು ಅವರು ಬಿಡಲಿಲ್ಲ.

ಮಗಳು ಒಳಗೆ ಬಂದಳು. "ಅಮ್ಮ! ಏನ್ ಮಾಡ್ದೆ? ಎಡೆಗಿಡೋದನ್ನ ಎಂಜಲು ಮಾಡ್ಬಿಟ್ಯಲ್ಲ!"

"ಹೌದು."

"ಗೊತ್ತಿದ್ದೂ?"

"ಗೊತ್ತಿದ್ದೇ."

ಅವಳು ಲೋಟವನ್ನೂ ನನ್ನನ್ನೂ ನೋಡಿದಳು. "ಇನ್ನೊಂದಿಲ್ವಲ್ಲ" ಎಂದಳು ಮೆಲ್ಲಗೆ. "ಅಂಗಡಿಯಿಂದ ಯಾವ್ದಾದ್ರೂ ತರಿಸ್ಲಾ?"

"ಬೇಡ. ಒಂದು ಲೋಟ ನೀರಿಡು."

ಸ್ನೇಹಿತರು ಬಂದಾಗ ಎಡೆ ಪೂರ್ತಿಯಾಗಿತ್ತು. ಕೈಮುಗಿದು ಬಾಳೆಲೆಯ ಮೇಲೆಲ್ಲ ಕಣ್ಣಾಡಿಸಿದರು. ನೀರಿನ ಲೋಟ ನೋಡಿ ನನ್ನ ಕಡೆ ತಿರುಗಿದರು. ಅಣ್ಣಂದಿರಿಗೆ ಕೇಳಿಸದ ಹಾಗೆ, "ತಂಗಿ, ಅದು..." ಎಂದರು.

"ನಾನು ಕುಡ್ದೆ ಅಣ್ಣ."

ಅವರ ಮುಖ ಬಿಳಿಚಿಕೊಂಡಿತು. ಆದರೆ ಹನ್ನೊಂದು ವರ್ಷ ಅದನ್ನೇ ಮಾಡಿದ ಮನುಷ್ಯ, ತಡೆಯಲಾಗಲಿಲ್ಲ.

"ಹೇಗಿತ್ತಮ್ಮ?"

"ಚೆನ್ನಾಗಿತ್ತು" ಎಂದೆ.

ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಹೋದವರು ಬಂದು ಉಣ್ಣುವ ಹೊತ್ತು ಅದು, ಯಾರೂ ಇಣುಕಬಾರದು. ಮೆಟ್ಟಿಲ ಬಳಿ ಎಲ್ಲರೂ ನಿಂತಿದ್ದರು. ಬಾಗಿಲಿಗೆ ಹತ್ತಿರವಾಗಿ ನಿಂತವಳು ನಾನು. ಹೊಟ್ಟೆಯಲ್ಲಿ ಇನ್ನೂ ಬಿಸಿಯಿತ್ತು. ಇಂಥ ಹೊತ್ತಲ್ಲಿ ಮಕ್ಕಳು ಮರಿಯನ್ನು ಚೆನ್ನಾಗಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳಬೇಕು. ನನಗೆ ಅದು ಬರಲಿಲ್ಲ. ಸಾರು ಚೆನ್ನಾಗಿದೆ, ಮುದ್ದೆ ಬಿಸಿಯಾಗಿದೆ, ಕಜ್ಜಾಯ ಸ್ವಲ್ಪ ಗಟ್ಟಿ, ಊಟ ಮಾಡಿ ಎಂದೆ. ಅದು ಬೇಕಿದ್ದರೆ ನನ್ನನ್ನು ಕೇಳಬೇಕಿತ್ತು ಎಂದೆ.

ಉಂಡವರು ಎದ್ದು ಹೋಗಲೆಂದು ಮಗಳು ಕೆಮ್ಮಿ, ಬಾಗಿಲನ್ನು ಮೂರು ಸಲ ತಟ್ಟಿದಳು. ನಾನು ಪಕ್ಕಕ್ಕೆ ಸರಿದೆ.